ಜೋಳಿಗೆಗೆ ಹಾಕಿದ ಮರುದಿನ

 

ಆಗಸ್ಟ್ 1 ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಜನ್ಮದಿನ. ಸರ್ಕಾರ ಇದನ್ನು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಪೂಜ್ಯರು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಕಾಳು ಕೇಳಲಿಲ್ಲ, ಕಾಸು ಕೇಳಲಿಲ್ಲ; ನಿಮ್ಮ ದುಶ್ಚಟಗಳನ್ನು ಹಾಕಿರಿ ಎಂದರು. ಇದು ನಿಮಗೆಲ್ಲ ಗೊತ್ತಿರುವ ಸಂಗತಿ. ನಾನು ಹೇಳಬೇಕೆಂದಿರುವುದು ಹಾಕಿದ ಮರುದಿನದ ವಿಷಯ. ನೀರಾವರಿ ಇಲಾಖೆಯಲ್ಲಿ 34 ವರ್ಷ ಕೆಲಸ ಮಾಡಿದವನು ನಾನು. ಕಾಲುವೆಯ ಉದ್ಘಾಟನೆ ಒಂದು ದಿನದ ಕೆಲಸ. ಅದನ್ನು ಕಾಯಲು ನೀರುಗಂಟಿ ಮುನ್ನೂರ ಅರವತ್ತೈದು ದಿನವೂ ಬೇಕು.

ನನ್ನ ತಮ್ಮ ಇಪ್ಪತ್ತು ವರ್ಷ ಕುಡಿದವನು. ‘ಹೆಸರೊಂದು ಬಿಟ್ಟು ಉಳಿದದ್ದೆಲ್ಲಾ ಹೇಳಣ್ಣಾ’ ಎಂದು ಅವನೇ ಹೇಳಿದ್ದರಿಂದ ಹೇಳುತ್ತಿದ್ದೇನೆ. ಒಂದು ಸಮಾರಂಭದಲ್ಲಿ ಅವನು ಎಲ್ಲರೆದುರು ಪ್ರತಿಜ್ಞೆ ಮಾಡಿದ. ಶಾಲು ಹೊದಿಸಿದರು, ಚಪ್ಪಾಳೆಯಾಯಿತು. ಮೂರನೆಯ ದಿನ ರಾತ್ರಿ ಕೈಕಾಲು ನಡುಗಿ, ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಕೂಗಾಡತೊಡಗಿದ. ಕೆಲವರು ಗಾಳಿ ಸೋಕಿದೆ ಅಂದರು. ಅದು ಗಾಳಿಯಲ್ಲ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು-ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಆದ್ದರಿಂದ ತಾಯಂದಿರೇ, ಅಂಥವರು ಬಿಡುತ್ತೇನೆ ಎಂದಾಗ ಮೊದಲು ವೈದ್ಯರ ಹತ್ತಿರ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ದಾರಿ ತೋಚದಿದ್ದರೆ 14416 ಟೆಲಿ-ಮಾನಸ್, 14446 ವ್ಯಸನಮುಕ್ತಿ ಸಹಾಯವಾಣಿ. ಎರಡೂ ಸರ್ಕಾರದವು.

ಆಸ್ಪತ್ರೆಯಿಂದ ಬಿಡುವಾಗ ವೈದ್ಯರು, ‘ಔಷಧ ನಮ್ಮದು, ಮುಂದಿನದಕ್ಕೆ ಎ.ಎ. ಸಭೆಗೆ ಹೋಗಲಿ’ ಎಂದರು. ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಲ್ಲಿ ಬಿಲ್ ವಿಲ್ಸನ್ ಎಂಬ ಷೇರುಪೇಟೆಯವರು, ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು ಆರಂಭಿಸಿದ್ದು. ಇಬ್ಬರೂ ಕುಡಿತದಿಂದ ನಲುಗಿದವರೇ. ಒಬ್ಬ ಕುಡುಕನ ಸಂಕಟ ಇನ್ನೊಬ್ಬ ಕುಡುಕನಿಗೆ ಅರ್ಥವಾದಂತೆ ಬೇರೆಯವರಿಗೆ ಆಗದು ಎಂಬುದು ಅವರು ಕಂಡುಕೊಂಡ ಸತ್ಯ.

ಸಭೆ ಹುಡುಕುವುದು ಸುಲಭವಾಗಲಿಲ್ಲ. ಮೊದಲು ಸಿಕ್ಕ ವಿಳಾಸಕ್ಕೆ ಹೋದಾಗ ಬಾಗಿಲಿಗೆ ಬೀಗ; ಸಭೆ ಬೇರೆ ಕಡೆಗೆ ಹೋಗಿತ್ತು. ಕೊನೆಗೆ 40 ಕಿಲೋಮೀಟರ್ ದೂರದ ನಗರದಲ್ಲಿ, ಚರ್ಚೊಂದರ ಶಾಲಾ ಕೊಠಡಿಯಲ್ಲಿ ಸಿಕ್ಕಿತು. ತಮ್ಮ ಬೈಕಿನಿಂದ ಇಳಿಯಲೇ ಇಲ್ಲ. ಆಗ ಒಬ್ಬ ಆಟೊ ಚಾಲಕರು ಹೊರಗೆ ಬಂದು, ‘ಒಳಗ ಬರ್ರಿ, ಚಾ ಕುಡೀರಿ. ಮಾತಾಡಬೇಕಂತೇನಿಲ್ಲ’ ಅಂದರು. ಆ ಚಹಾಕ್ಕೆ ಅವನು ಇಳಿದ.

ಕೆಲವು ಸಭೆಗಳು ಸದಸ್ಯರಿಗೆ ಮಾತ್ರ, ಕೆಲವು ಎಲ್ಲರಿಗೂ ತೆರೆದವು. ತೆರೆದ ಸಭೆಗಳಲ್ಲಿ ನಾನೂ ಹಿಂದೆ ಕೂತೆ. ಪ್ರಾಧ್ಯಾಪಕರೊಬ್ಬರು, ಗೌಂಡಿಯೊಬ್ಬರು, ಮೊದಲ ಹೆಸರಷ್ಟೇ ಹೇಳಿ ತಮ್ಮ ಅನುಭವ ಹೇಳುತ್ತಿದ್ದರು. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಜಾತಿ ಕೇಳಲಿಲ್ಲ, ಹುದ್ದೆ ಕೇಳಲಿಲ್ಲ. ಜೀವಮಾನವಿಡೀ ಬಿಡುತ್ತೇನೆ ಎಂಬ ಪ್ರತಿಜ್ಞೆಯೂ ಇಲ್ಲ. ಇವತ್ತೊಂದು ದಿನ ಬೇಡ, ಅಷ್ಟೇ. ಇದನ್ನೇ ಅನುಭವ ಮಂಟಪವೆಂದು ಹೇಳುವ ದೊಡ್ಡ ಮಾತು ನನಗೆ ಬೇಡ. ಆದರೆ ಅನುಭವ ಎಂಬ ಶಬ್ದಕ್ಕೆ ನಾವು ಭಾಷಣಗಳಲ್ಲಿ ಮರೆತ ತೂಕ ಅಲ್ಲಿ ಕಂಡಿತು.

ಸಭೆ ಮುಗಿದ ಮೇಲೆ ಹಣದ ಬುಟ್ಟಿ ಬಂತು. ನಾನು 500 ರೂಪಾಯಿ ಹಾಕಿದೆ. ವಿನಯದಿಂದಲೇ ಹಿಂತಿರುಗಿಸಿದರು: ‘ನೀವು ಸದಸ್ಯರಲ್ಲರಿ. ಹೊರಗಿನವರ ರೊಕ್ಕ ನಾವು ತಗೊಳ್ಳಂಗಿಲ್ಲ.’ ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ನಮಗೆ ಇದು ಯೋಚಿಸಬೇಕಾದ ವಿಷಯ.

ಇದು ಕ್ರೈಸ್ತರದಲ್ಲವೇ ಎಂದು ಬಂಧುಗಳು ಕೇಳಿದರು. ಹುಟ್ಟಿದ್ದು ಕ್ರೈಸ್ತ ವಾತಾವರಣದಲ್ಲಿ, ನಿಜ. ಆದರೆ ಅವರ ಹನ್ನೆರಡು ಹೆಜ್ಜೆಗಳಲ್ಲಿ ದೇವರನ್ನು ಅವರವರು ತಿಳಿದುಕೊಂಡಂತೆ ನಂಬಲು ಅವಕಾಶವಿದೆ. ತಮ್ಮ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮಾಡಿಕೊಂಡೇ ಸಂಜೆ ಸಭೆಗೆ ಹೋಗುತ್ತಾನೆ. ಚರ್ಚಿನ ಕೊಠಡಿಯಲ್ಲಿ ಸೇರುವುದಕ್ಕೆ ಕಾರಣ ಒಂದೇ, ಅವರು ಕೊಠಡಿ ಕೊಟ್ಟಿದ್ದಾರೆ.

ನಾವೇಕೆ ಕೊಡಬಾರದು? ನಮ್ಮ ಶರಣರ ಸಾಲಿನಲ್ಲಿ ಹೆಂಡ ಮಾರುತ್ತಿದ್ದ ಹೆಂಡದ ಮಾರಯ್ಯನವರೂ ಇದ್ದಾರೆ. ಮಠಗಳಲ್ಲಿ ಪ್ರಸಾದ ನಿಲಯಗಳಿವೆ, ವಾರದಲ್ಲಿ ಐದು ದಿನ ಖಾಲಿ ಇರುವ ಸಭಾಭವನಗಳಿವೆ. ವಾರಕ್ಕೊಂದು ಸಂಜೆ ಒಂದು ಕೊಠಡಿ ಸಾಕು. ಬಾಡಿಗೆ ಎಷ್ಟೇ ಕಡಿಮೆಯಿರಲಿ, ಅವರಿಂದ ತೆಗೆದುಕೊಳ್ಳಿ. ಪುಕ್ಕಟೆ ಕೊಟ್ಟರೆ ಅವರು ಒಪ್ಪಲಾರರು. ಬಾಗಿಲು ಮುಖ್ಯದ್ವಾರದ ಕಡೆಗಿರದೆ ಪಕ್ಕದ ಓಣಿಗಿರಲಿ. ಫಲಕ ಬೇಡ, ಫೋಟೊ ಬೇಡ, ನಮ್ಮವರು ಹೋಗಿ ಉದ್ಘಾಟನಾ ಭಾಷಣ ಮಾಡುವುದೂ ಬೇಡ. ಬಿಟ್ಟವರಿಗೆ ವೇದಿಕೆಯ ಮೇಲೆ ಶಾಲು ಹೊದಿಸುವುದನ್ನು ದಯವಿಟ್ಟು ನಿಲ್ಲಿಸೋಣ. ಶಾಲು ಹೊದ್ದವನು ಮತ್ತೆ ಒಂದು ದಿನ ಜಾರಿದರೆ ನಾಚಿಕೆಯಿಂದ ಮಠದ ಮೆಟ್ಟಿಲನ್ನೇ ಹತ್ತುವುದಿಲ್ಲ. ಸಭೆಯಲ್ಲಿ ಹಾಗಲ್ಲ. ನನ್ನ ತಮ್ಮ ಎರಡು ಸಲ ಜಾರಿದ. ಎರಡು ಸಲವೂ ಅವನ ಕುರ್ಚಿ ಅಲ್ಲೇ ಇತ್ತು, ಚಹಾ ಬಿಸಿಯಾಗಿತ್ತು.

ಮನೆಯವರಿಗೂ ಅಲ್-ಅನಾನ್ ಎಂಬ ಬೇರೆ ಬಳಗವಿದೆ, 1951ರಿಂದ. ನನ್ನ ತಮ್ಮನ ಹೆಂಡತಿ ಅದಕ್ಕಾಗಿ ಇನ್ನೂ ದೂರ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಆದ್ದರಿಂದ ಕೇಳುವುದಾದರೆ ಎರಡು ಕೊಠಡಿ ಕೇಳಬೇಕು. ಪೂಜ್ಯರು ಈ ಮಠದಿಂದಲೇ ಆರಂಭಿಸಬೇಕೆಂದು ಬಿನ್ನವಿಸಿಕೊಳ್ಳುತ್ತೇನೆ. ಬೀಗದ ಕೈ ಇಟ್ಟುಕೊಂಡು ವಾರವಾರ ಬಾಗಿಲು ತೆರೆದು, ಕಸ ಗುಡಿಸಿ ಹೋಗುವ ಕೆಲಸ ನನಗಿರಲಿ.