ಲೆಡೊ ದಾರಿ
(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ದಿನವೆಲ್ಲ ಕಚೇರಿ ಕಾರ್ಖಾನೆಗಳಲ್ಲಿ ದುಡಿದು ಬಂದ ತಮ್ಮನ್ನು ದೀರ್ಘ ಭಾಷಣದಿಂದ ಇನ್ನಷ್ಟು ದಣಿಸುವುದು ನಮ್ಮ ಉದ್ದೇಶವಲ್ಲ. ಒಂದು ಸಾಹಸ ಪ್ರವಾಸದ ಕಥೆಯನ್ನು ಹೇಳಲು ನಿಂತಿದ್ದೇವೆ. ಜೊತೆಗೆ, ಆ ಪ್ರವಾಸಕ್ಕೆ ಎಡೆಕೊಟ್ಟ ದಾರಿಯ ಕಥೆಯನ್ನೂ ಹೇಳದೆ ವಿಧಿಯಿಲ್ಲ.

1955ರ ಸೆಪ್ಟೆಂಬರ್ 1ರಂದು ಲಂಡನ್ನಿನಿಂದ ಎರಡು ಲ್ಯಾಂಡ್‌ರೋವರ್ ಗಾಡಿಗಳು ಹೊರಟವು. ಒಂದಕ್ಕೆ ಕಡುನೀಲಿ ಬಣ್ಣ, ‘ಆಕ್ಸ್‌ಫರ್ಡ್’ ಎಂದು ಹೆಸರು. ಇನ್ನೊಂದಕ್ಕೆ ತಿಳಿನೀಲಿ, ‘ಕೇಂಬ್ರಿಜ್’ ಎಂದು ಹೆಸರು. ಒಳಗಿದ್ದವರು ಆ ಎರಡು ವಿಶ್ವವಿದ್ಯಾಲಯಗಳ ಆರು ಮಂದಿ ತರುಣರು. ಗುರಿ ಸಿಂಗಪುರ. ಕೈಯಲ್ಲಿ ಹೆಚ್ಚು ಹಣವಿರಲಿಲ್ಲ. ವ್ಯಾಪಾರಿ ಕಂಪನಿಗಳನ್ನು ಕಾಡಿ ಬೇಡಿ ಗಾಡಿ, ಆಹಾರ, ಸಾಮಾನುಗಳನ್ನು ಹೊಂದಿಸಿದರು. ಬಿ.ಬಿ.ಸಿ.ಯಲ್ಲಿದ್ದ ಡೇವಿಡ್ ಅಟೆನ್‌ಬರೋ ಅವರು ಚಿತ್ರ ತೆಗೆಯಲು ಫಿಲ್ಮು ಕೊಡಿಸಿದರು.

ಯುರೋಪು, ಇರಾನು ದಾಟಿ ಕಲ್ಕತ್ತೆಯವರೆಗೆ ಬಂದದ್ದು ದೂರದ ಪಯಣವೇ ಆದರೂ ಬಲ್ಲವರ ದಾರಿ. ನಿಜವಾದ ಪರೀಕ್ಷೆ ಇದ್ದದ್ದು ಅಸ್ಸಾಮಿನ ತುದಿಯ ಲೆಡೊ ಎಂಬಲ್ಲಿ. ಅಲ್ಲಿಗೆ ರೈಲು ಮುಗಿಯುತ್ತದೆ. ಮುಂದೆ ಪಾಟ್‌ಕಾಯ್ ಬೆಟ್ಟಗಳು, ಸುಮಾರು 3,700 ಅಡಿ ಎತ್ತರದ ಪಾಂಗ್ಸಾವ್ ಘಾಟಿ, ಅದರಾಚೆ ಬರ್ಮಾದ ಹುಕಾಂಗ್ ಕಣಿವೆ. ಮಳೆಗಾಲದಲ್ಲಿ ನೂರು ಅಂಗುಲಕ್ಕೂ ಮೀರಿ ಸುರಿಯುವ ಪ್ರದೇಶ. ಬಿದಿರು, ಬಳ್ಳಿ, ಜಿಗಣೆ, ಮಲೇರಿಯಾಗಳ ನಾಡು.

ಇಂಥ ಕಾಡಿನಲ್ಲಿ ರಸ್ತೆ ಎಲ್ಲಿಂದ ಬಂತು? ಜಪಾನೀಯರು ಬರ್ಮಾವನ್ನು ಹಿಡಿದು ಚೀನಾದ ಹಾದಿಯನ್ನು ಕಡಿದುಹಾಕಿದಾಗ, 1942ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆ ಲೆಡೊದಿಂದ ಹೊಸ ರಸ್ತೆ ಕಡಿಯತೊಡಗಿತು. ಕೆಲಸಕ್ಕೆ ಬಂದ ಅಮೆರಿಕದ ಸೈನಿಕರಲ್ಲಿ ಹೆಚ್ಚಿನವರು ಕರಿಯ ಜನಾಂಗದವರು. ಅವರೊಂದಿಗೆ ಗುದ್ದಲಿ ಬುಟ್ಟಿ ಹಿಡಿದವರು ಸಾವಿರಾರು ಮಂದಿ ಭಾರತೀಯ ಕೂಲಿಗಾರರು. ಅಮೆರಿಕದವರೇ ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ‘ಮೈಲಿಗೊಬ್ಬ ಸತ್ತ ದಾರಿ’ ಎಂದು ಸೈನಿಕರೇ ಅದಕ್ಕೆ ಹೆಸರಿಟ್ಟರು. ಆ ಲೆಕ್ಕದಲ್ಲಿ ನಮ್ಮ ಕೂಲಿಗಾರರು ಸೇರಿಲ್ಲ. 1945ರಲ್ಲಿ 1,079 ಮೈಲಿಯ ದಾರಿ ಚೀನಾದ ಕುನ್‌ಮಿಂಗ್ ಮುಟ್ಟಿತು. ಅಮೆರಿಕದ ಸೇನಾನಿ ಸ್ಟಿಲ್‌ವೆಲ್ ಅವರ ಹೆಸರನ್ನು ಅದಕ್ಕೆ ಇಡಲಾಯಿತು. ಅದೇ ವರ್ಷ ಯುದ್ಧ ಮುಗಿಯಿತು. ದಾರಿಯನ್ನು ಕೇಳುವವರಿಲ್ಲದಾಯಿತು.

ಹತ್ತು ವರ್ಷಗಳ ಮೇಲೆ ಆ ಆರು ತರುಣರು ಬಂದಾಗ ಕಾಡು ತನ್ನ ನೆಲವನ್ನು ಬಹಳಮಟ್ಟಿಗೆ ಹಿಂದಕ್ಕೆ ಪಡೆದಿತ್ತು. ಸೇತುವೆಗಳು ಕೊಚ್ಚಿಹೋಗಿದ್ದವು. ಹೊಳೆಗಳಲ್ಲಿ ಗಾಡಿ ಇಳಿಸಬೇಕು. ಕೆಸರಲ್ಲಿ ಹೂತಾಗ ಗಾಡಿಯ ಮುಂದಿನ ರಾಟೆಗೆ ಹಗ್ಗ ಸುತ್ತಿ ಮರಕ್ಕೆ ಕಟ್ಟಿ ಎಳೆಯಬೇಕು. ಹೀಗೆ ಬರ್ಮಾವನ್ನು ದಾಟಿ, ಕೆಂಗ್‌ತುಂಗ್ ಮಾರ್ಗವಾಗಿ ಥಾಯ್ಲೆಂಡಿಗಿಳಿದು, 1956ರ ಮಾರ್ಚ್ 6ರಂದು ಸಿಂಗಪುರ ಸೇರಿದರು. ಆರು ತಿಂಗಳು, ಆರು ದಿನ. ಅವರಲ್ಲೊಬ್ಬರಾದ ಟಿಮ್ ಸ್ಲೆಸರ್ ಬರೆದ ಪುಸ್ತಕದ ಹೆಸರು ‘ಫಸ್ಟ್ ಓವರ್‌ಲ್ಯಾಂಡ್’, ಅಂದರೆ ನೆಲಮಾರ್ಗದಲ್ಲಿ ಮೊದಲಿಗರು.

ಬಂಧುಗಳೇ, ಆ ತರುಣರ ಎದೆಗಾರಿಕೆಗೆ ನಾವು ತಲೆಬಾಗುತ್ತೇವೆ. ಮೋಟಾರಿನಲ್ಲಿ ಅವರು ಮೊದಲಿಗರೆಂಬುದೂ ಸರಿಯೇ. ಆದರೆ ಪಾಂಗ್ಸಾವ್ ಘಾಟಿಯನ್ನು ಅವರಿಗಿಂತ ಮೊದಲು, ರಸ್ತೆಗಿಂತಲೂ ಮೊದಲು, ಎದುರು ದಿಕ್ಕಿನಿಂದ ಬರಿಗಾಲಲ್ಲಿ ದಾಟಿದವರಿದ್ದಾರೆ.

ಬರ್ಮಾಕ್ಕೆ ಹೊಟ್ಟೆಪಾಡಿಗಾಗಿ ಹೋದ ನಮ್ಮವರು ಲಕ್ಷಗಟ್ಟಲೆ. ಬಂದರಿನ ಹಮಾಲರು, ಅಕ್ಕಿ ಗಿರಣಿಯ ಕೂಲಿಗಳು, ರೈಲ್ವೆ ಗುಮಾಸ್ತರು. 1931ರ ಜನಗಣತಿಯಲ್ಲಿ ರಂಗೂನಿನ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯರು. 1941ರ ಡಿಸೆಂಬರಿನಲ್ಲಿ ಅಲ್ಲಿ ಬಾಂಬು ಬಿತ್ತು. 1942ರ ಮಾರ್ಚಿನಲ್ಲಿ ಪಟ್ಟಣವೇ ಬಿತ್ತು. ಹಡಗಿನ ಚೀಟಿ ದೊರೆತವರು ಹಡಗು ಹತ್ತಿದರು. ಉಳಿದವರು ಗಂಟುಮೂಟೆ ಹೊತ್ತು, ಮಕ್ಕಳನ್ನು ಹೆಗಲಿಗೇರಿಸಿ ನಡೆದರು. ಕೆಲವರು ಅರಾಕಾನಿನ ಕಡೆಗೆ, ಕೆಲವರು ಮಣಿಪುರದ ಕಡೆಗೆ, ಕೊನೆಗೆ ಬೇರೆ ದಾರಿ ಕಾಣದವರು ಹುಕಾಂಗ್ ಕಣಿವೆಯ ಕಡೆಗೆ. ಅಷ್ಟರಲ್ಲಿ ಮುಂಗಾರು ಹಿಡಿಯಿತು. ಕೆಸರಿನಲ್ಲಿ, ಹಸಿವಿನಲ್ಲಿ, ವಾಂತಿಭೇದಿಯಲ್ಲಿ ಸಾವಿರಾರು ಜನ ದಾರಿಯಲ್ಲೇ ಉಳಿದರು. ಅವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಅಸ್ಸಾಮಿನ ಚಹಾ ತೋಟದವರು ಘಾಟಿಯ ಈಚೆ ಬಿಡಾರ ಹಾಕಿ ಅನ್ನ, ಚಹಾ, ಔಷಧ ಕೊಟ್ಟದ್ದರಿಂದ ಎಷ್ಟೋ ಜೀವಗಳು ಉಳಿದವು.

2019ರಲ್ಲಿ ಹಳೆಯ ‘ಆಕ್ಸ್‌ಫರ್ಡ್’ ಗಾಡಿಯನ್ನೇ ರಿಪೇರಿ ಮಾಡಿ ಸಿಂಗಪುರದಿಂದ ಲಂಡನ್ನಿಗೆ ಓಡಿಸಿದರು. ಸ್ಲೆಸರ್ ಅವರ ಆರೋಗ್ಯ ಕೆಟ್ಟಿದ್ದರಿಂದ ಮೊಮ್ಮಗ ಅವರ ಸ್ಥಾನದಲ್ಲಿ ಕುಳಿತ. ಸಂತೋಷದ ಸಂಗತಿಯೇ. ನಡೆದು ಬಂದವರ ಮೊಮ್ಮಕ್ಕಳೂ ಇದ್ದಾರೆ. ಅಜ್ಜ ಯಾವ ಘಾಟಿ ದಾಟಿದನೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು?

ನಾವೂ ಊರು ಬಿಟ್ಟು ದುಡಿಯಲು ಬಂದವರೇ. ರೈಲು ಹತ್ತಿದ ದಿನ, ಕೈಯಲ್ಲಿದ್ದ ಕಾಸು, ಮೊದಲು ಚಾಪೆ ಹಾಸಿದ ಖೋಲಿ, ಕರೆದು ಊಟ ಹಾಕಿದವರ ಹೆಸರು, ಇವನ್ನೆಲ್ಲ ಬೇರೆಯವರು ಬಂದು ಬರೆದಾರೆಂದು ಕಾಯುವುದು ಬೇಡ. ತಂದೆ ತಾಯಿಯರನ್ನು ಕೇಳಿ ಎರಡು ಹಾಳೆಯಾದರೂ ಬರೆದಿಡಿ. ಮನಸ್ಸಿದ್ದರೆ ಈ ಪತ್ರಿಕೆಗೂ ಕೊಡಿ. ಓದುವವರು ಇಲ್ಲೇ ಇದ್ದಾರೆ.