ತಾರೀಕು ಗೊತ್ತಿಲ್ಲದ ಎರಡು ಸಾವಿರ

ಪ್ರತಿ ವರ್ಷ ಭರತ ಹುಣ್ಣಿಮೆ ಬಂತು ಅಂದ್ರೆ ನಮ್ಮ ಎಲ್ಲ ಚಾನೆಲ್‌ಗಳ ಕ್ಯಾಮೆರಾಗಳೂ ಹಡಗಲಿ ತಾಲೂಕಿನ ಮೈಲಾರಕ್ಕೆ ಓಡ್ತವೆ. ಗೊರವಯ್ಯ ಬಿಲ್ಲೇರಿ ಏನು ಕಾರಣಿಕ ನುಡಿದ, ಮಳೆ ಬರುತ್ತಾ, ಸರ್ಕಾರ ಉಳಿಯುತ್ತಾ ಅಂತ ದಿನವಿಡೀ ಚರ್ಚೆ. ಅದು ಮುಗೀತು ಅಂದ್ರೆ ನಮ್ಮ ಗಾಡಿಗಳು ವಾಪಸ್. ವರ್ಷದ ಉಳಿದ ದಿನಗಳಲ್ಲಿ ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಹೆಣ್ಣುಮಕ್ಕಳು ಕೇಳಿಕೊಳ್ಳೋ ಪ್ರಶ್ನೆಯೇ ಬೇರೆ: "ಯಕ್ಕಾ, ಈ ತಿಂಗ್ಳ ರೊಕ್ಕ ಬಂತೇನು?"

ಗೃಹಲಕ್ಷ್ಮಿಯ ರೊಕ್ಕ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಯೋಜನೆ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಯಾರ ಹೆಸರಿದೆಯೋ ಅವರ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಇದು ಬಿಟ್ಟಿ ಭಾಗ್ಯವೋ, ಖಜಾನೆ ಖಾಲಿಯಾಯ್ತೋ ಅನ್ನೋ ಚರ್ಚೆಯನ್ನ ಇದೇ ಸ್ಟುಡಿಯೋದಲ್ಲಿ ನೂರು ಸಲ ಮಾಡಿದ್ದೀವಿ. ಇವತ್ತು ಅದು ಬೇಡ. ಈ ದುಡ್ಡು ಆ ಹೆಣ್ಣುಮಗಳ ತಲೆಯೊಳಗೆ ಏನು ಮಾಡುತ್ತೆ? ಅದನ್ನ ನೋಡೋಣ.

ಈ ಐದೂ ತಾಲೂಕುಗಳಲ್ಲಿ ಹೆಚ್ಚಿನ ಹೊಲ ಮಳೆಯನ್ನೇ ನಂಬಿದೆ. ಮೆಕ್ಕೆಜೋಳ, ಶೇಂಗಾ, ಜೋಳ. ಮಳೆ ಕೈಕೊಟ್ರೆ ಗುಳೆ. ಕಾಫಿ ತೋಟಕ್ಕೆ, ಕಬ್ಬು ಕಡಿಯೋಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಮನೆಯಲ್ಲಿ ಮುದುಕರು, ಮಕ್ಕಳು, ಮತ್ತೆ ವಾರವಾರ ಬಾಗಿಲಿಗೆ ಬರೋ ಸಾಲದ ಕಂತು. ಈ ಚಿಂತೆಗೆ ಅಲ್ಲಿ ಯಾರೂ ಮಾನಸಿಕ ಒತ್ತಡ ಅಂತ ಹೆಸರಿಡಲ್ಲ. ತಲೆ ಹಿಡ್ಕೊಂಡೈತಿ, ನಿದ್ದಿ ಬರವಲ್ದು, ಎದಿ ಡವಡವ ಅಂತೈತಿ ಅಂತಾರೆ. ಅಂಗಡಿಯಲ್ಲಿ ಒಂದು ಮಾತ್ರೆ ತಗೊಂಡು ಕೂಲಿಗೆ ಹೋಗ್ತಾರೆ.

ಬಡತನ ಮನುಷ್ಯನ ಯೋಚನೆಯನ್ನೇ ಹಿಡಿದಿಟ್ಟುಕೊಳ್ಳುತ್ತೆ. ಇದು ಬರೀ ಮಾತಲ್ಲ. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲು ಒಂದು ಸಲ, ದುಡ್ಡು ಕೈಸೇರಿದ ಮೇಲೆ ಒಂದು ಸಲ ಬುದ್ಧಿಯ ಪರೀಕ್ಷೆ ಕೊಟ್ಟರು. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಅದೇ ರೈತ, ಅದೇ ತಲೆ. ಕೈ ಖಾಲಿ ಇದ್ದಾಗ ಕಡಿಮೆ ಅಂಕ, ದುಡ್ಡು ಬಂದ ಮೇಲೆ ಹೆಚ್ಚು. ಬಡವರಿಗೆ ತಿಳುವಳಿಕೆ ಇಲ್ಲ ಅಂತ ಸಲೀಸಾಗಿ ಹೇಳಿಬಿಡೋ ನಮ್ಮಂಥವರು ಇದನ್ನ ಎರಡು ಸಲ ಓದಬೇಕು.

ಇಂಡೋನೇಷ್ಯಾದ ಲೆಕ್ಕ ಇನ್ನೂ ಗಂಭೀರ. ಅಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ನಗದು ಕೊಡೋಕೆ ಶುರು ಮಾಡಿದ ಪ್ರದೇಶಗಳಲ್ಲಿ ಆತ್ಮಹತ್ಯೆ ಸುಮಾರು ಶೇಕಡಾ 18ರಷ್ಟು ಇಳಿದಿತ್ತು. ಮಳೆ ಕೆಟ್ಟು ಬೆಳೆ ಹೋದಾಗ ಬೀಳೋ ಪೆಟ್ಟನ್ನೂ ಆ ಹಣ ತಗ್ಗಿಸಿತು ಅಂತ ಅದೇ ಅಧ್ಯಯನ ಹೇಳುತ್ತೆ. ಕೂಡ್ಲಿಗಿಯ ರೈತರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದ್ರೆ 2,000 ರೂಪಾಯಿ ಬಂತು, ಚಿಂತೆ ಹೋಯ್ತಾ? ಇಲ್ಲೇ ಇರೋದು ತೊಡಕು. ಎರಡು ಮೂರು ತಿಂಗಳ ಕಂತು ಬಾಕಿ ಉಳಿಯೋದು, ಆಮೇಲೆ ಯಾವತ್ತೋ ಒಂದು ದಿನ ಬೀಳೋದು, ಕೆಲವರಿಗೆ ಆಧಾರ್ ಜೋಡಣೆ ಸರಿಯಿಲ್ಲ ಅಂತ ನಿಂತೇ ಹೋಗೋದು. ಇದನ್ನೆಲ್ಲ ನಾವೇ ವರದಿ ಮಾಡಿದ್ದೀವಿ. ಸಾಲದ ಕಂತು ಕಟ್ಟೋ ದಿನ ಆಕೆಗೆ ಗೊತ್ತು. ಸರ್ಕಾರದ ಕಂತು ಬರೋ ದಿನ ಗೊತ್ತಿಲ್ಲ. ಅದನ್ನ ನಂಬಿ ಅಂಗಡಿಯಲ್ಲಿ ಉದ್ರಿ ಬರೆಸಿರ್ತಾಳೆ, ಮಗಳ ಫೀಸಿಗೆ ಮಾತು ಕೊಟ್ಟಿರ್ತಾಳೆ. ದುಡ್ಡು ಬರದಿದ್ರೆ ಹಳೇ ಚಿಂತೆಯ ಜೊತೆಗೆ ಹೊಸದೊಂದು. ಬ್ಯಾಂಕಿಗೆ ಹೋಗಿ ಕೇಳೋಕೆ ಒಂದು ದಿನದ ಕೂಲಿಯೂ ಹೋಯ್ತು. ಸರ್ಕಾರಿ ನೌಕರರ ಸಂಬಳ ಮೂರು ತಿಂಗಳು ತಡವಾಗಿದ್ರೆ ವಿಧಾನಸೌಧದ ಮುಂದೆ ಏನಾಗ್ತಿತ್ತು, ನೀವೇ ಹೇಳಿ.

ಈ ನೆಲಕ್ಕೆ ಇನ್ನೊಂದು ಹಿರಿಮೆ ಇದೆ, ಅಲ್ಲಿಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಮನೋರೋಗಕ್ಕೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಕೊಡೋ ಪ್ರಯೋಗಕ್ಕೆ ಆರಿಸಿಕೊಂಡಿದ್ದು ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯನ್ನ. ಈ ಊರುಗಳೆಲ್ಲ ಆಗ ಅದರಲ್ಲೇ ಇದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅಲ್ಲೇ ಮಾತ್ರೆ ಸಿಗೋ ಹಾಗೆ ಮಾಡಿದರು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಬಳ್ಳಾರಿ ಮಾದರಿ ಅಡಿಪಾಯ. ದುಡ್ಡು ಖಾಯಿಲೆಗೆ ಔಷಧಿ ಅಲ್ಲ, ಖಿನ್ನತೆಗೆ ಡಾಕ್ಟರೇ ಬೇಕು. ಆದ್ರೆ ಆಸ್ಪತ್ರೆಗೆ ಹೋಗೋ ಬಸ್ಸು ಶಕ್ತಿ ಯೋಜನೆಯಲ್ಲಿ ಫ್ರೀ ಆದ್ರೂ, ಹೋದ ದಿನದ ಕೂಲಿ ಯಾರು ಕೊಡ್ತಾರೆ? ಆ ಲೆಕ್ಕಕ್ಕೂ ಈ 2,000 ಬೇಕು.

ಸರ್ಕಾರಕ್ಕೆ ನಾನು ಕೇಳೋದು ಮೊತ್ತ ಹೆಚ್ಚಿಸಿ ಅಂತಲ್ಲ. ಒಂದು ತಾರೀಕು ಕೊಡಿ. ಆ ತಾರೀಕಿಗೆ ಆಗಲ್ಲ ಅನ್ನೋದಾದ್ರೆ ಮೊದಲೇ ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ ಹಾಕಿ: ಈ ತಿಂಗಳು ತಡ, ಇಂಥಾ ದಿನ ಬರುತ್ತೆ ಅಂತ. ಓದೋಕೆ ಬಾರದವರಿಗೆ ಆಶಾ ಕಾರ್ಯಕರ್ತೆಯೋ ಅಂಗನವಾಡಿ ಟೀಚರೋ ಹೇಳ್ತಾರೆ. ಇದಕ್ಕೆ ಬಜೆಟ್ ಬೇಕಾಗಿಲ್ಲ.

ಇನ್ನು ಈ ಕಾರ್ಯಕ್ರಮ ನೋಡ್ತಿರೋ ಅಕ್ಕ, ಅವ್ವಂದಿರಿಗೆ: ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಸಾಕು ಅನ್ನಿಸ್ತಿದೆ ಅಂದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ.