ಟೆಂಪೋ ಯಾರ ಹೆಸರು?



ಮನೆ ಖಾಲಿ ಮಾಡುವಾಗ ನಾವೆಲ್ಲ ಏನಂತೀವಿ? "ಒಂದು ಟೆಂಪೋ ಹೇಳಿಬಿಡು" ಅಂತೀವಿ. ಬರೋದು ಯಾವ ಕಂಪನಿಯ ಗಾಡಿಯಾದರೂ ಅದು ಟೆಂಪೋನೇ. ಇದು ಗಾಡಿಯ ಜಾತಿ ಅಂತಲೇ ನಾನೂ ತಿಳಿದಿದ್ದೆ. ಕೆಲಸಕ್ಕೆ ಅಂತ ಪುಣೆಗೆ ಬಂದ ಮೇಲೆ ಗೊತ್ತಾಯ್ತು, ಇದು ಜರ್ಮನಿಯ ಹ್ಯಾಂಬರ್ಗ್‌ನ ಹಾರ್‌ಬುರ್ಗ್‌ನಲ್ಲಿದ್ದ ವಿಡಾಲ್ ಕುಟುಂಬದ ಕಂಪನಿಯ ಬ್ರಾಂಡು.

ಆ ಕಂಪನಿ 1949ರಲ್ಲಿ ಮಟಾಡೋರ್ ಅನ್ನೋ ವ್ಯಾನ್ ತಂತು. ಎಂಜಿನ್ ಶಕ್ತಿಯೆಲ್ಲ ಮುಂದಿನ ಚಕ್ರಗಳಿಗೇ. ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟ್ ಇಲ್ಲ, ಹಾಗಾಗಿ ಸಾಮಾನು ಇಡುವ ಜಾಗ ನೆಲಕ್ಕೆ ಹತ್ತಿರ. ಮೂಟೆ ಎತ್ತಿ ಹಾಕುವವನ ಸೊಂಟಕ್ಕೆ ಇದರ ಬೆಲೆ ಗೊತ್ತು!

ಆದರೆ ಎಂಜಿನ್ ಸ್ವಂತದ್ದಲ್ಲ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ 25 ಅಶ್ವಶಕ್ತಿಯ ಎಂಜಿನ್ ತಂದು ಹಾಕಿದ್ದರು. 1950ರ ಮಾರ್ಚ್‌ನಲ್ಲಿ ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನ್ ತಯಾರಿಸೋಕೆ ಶುರು ಮಾಡ್ತು. ಅದರೊಳಗೂ ಅದೇ ಎಂಜಿನ್. ಅಂದ್ರೆ ಎಂಜಿನ್ ಕೊಡುವವನೇ ಎದುರಾಳಿ! 1952ರಲ್ಲಿ ಎಂಜಿನ್ ಬರೋದು ನಿಂತೇಹೋಯ್ತು. ಮಟಾಡೋರ್ ಬೇರೆ ಎಂಜಿನ್‌ಗಳನ್ನು ಹುಡುಕಬೇಕಾಯ್ತು. ಮುಂದೆ ಬ್ರಿಟನ್ನಿನ ಆಸ್ಟಿನ್ ಎಂಜಿನ್ ಕೂಡ ಅದರೊಳಗೆ ಕೂತಿತು.

ಇದನ್ನ ಓದಿದಾಗ ನನಗೆ ನಮ್ಮ ಟೀಮ್ ನೆನಪಾಯ್ತು. ನಮ್ಮ ಒಂದು ಪ್ರಾಡಕ್ಟ್ ಪೂರ್ತಿ ಹೊರಗಿನವರ ಸರ್ವಿಸ್ ಮೇಲೆ ನಿಂತಿತ್ತು. ಒಂದು ದಿನ ಅವರೇ ಅಂಥದ್ದೊಂದು ಪ್ರಾಡಕ್ಟ್ ತಂದರು. ನಾವು ಎಂಟು ತಿಂಗಳು ಹಳೇ ಕೆಲಸವನ್ನೇ ಮತ್ತೆ ಮಾಡಿದ್ವಿ. ಆ ಸರ್ವಿಸ್ ಸಾಕು ಅಂತ ಮೀಟಿಂಗ್‌ನಲ್ಲಿ ವಾದ ಮಾಡಿದವನು ನಾನೇ.

ಟೆಂಪೋ ಕಥೆಗೆ ಬರೋಣ. 1960ರ ದಶಕದಲ್ಲಿ ಹಾನೊಮಾಗ್ ಕಂಪನಿ ಅದನ್ನು ಪೂರ್ತಿ ವಶಕ್ಕೆ ತಗೊಂಡಿತು. ಆಮೇಲೆ ಡೈಮ್ಲರ್-ಬೆಂಜ್ ಬಂತು. ಅದೇ ವಂಶದ ವ್ಯಾನ್ ಮರ್ಸಿಡಿಸ್ ನಕ್ಷತ್ರ ಹಚ್ಚಿಕೊಂಡು 1977ರವರೆಗೆ ಹಾರ್‌ಬುರ್ಗ್‌ನಲ್ಲಿ ತಯಾರಾಯ್ತು. ಅಷ್ಟರಲ್ಲಿ ಟೆಂಪೋ ಅನ್ನೋ ಹೆಸರು ಅಲ್ಲಿ ಅಳಿಸಿಹೋಗಿತ್ತು.

ಇಲ್ಲಿ ಮಾತ್ರ ಬೇರೆಯೇ ಆಯ್ತು. ವಿಡಾಲ್ ಕಂಪನಿಯ ಸಹಯೋಗದಲ್ಲಿ 1958ರಲ್ಲಿ ಶುರುವಾದ ಬಜಾಜ್ ಟೆಂಪೋ ಮೊದಲು ಮೂರು ಚಕ್ರದ ಹಾನ್ಸಿಯಾಟ್, 1969ರಿಂದ ಮಟಾಡೋರ್ ತಯಾರಿಸಿತು. ಮುಂದೆ ಮರ್ಸಿಡಿಸ್ ವಿನ್ಯಾಸದ ಡೀಸೆಲ್ ಎಂಜಿನ್ನನ್ನೂ ಲೈಸೆನ್ಸ್ ಪಡೆದು ಇಲ್ಲೇ ತಯಾರಿಸಿದರು. ಜರ್ಮನಿಯಲ್ಲಿ ನಿಂತ ವ್ಯಾನ್ ಪುಣೆಯಲ್ಲಿ 1990ರ ದಶಕದಲ್ಲೂ ತಯಾರಾಗ್ತಿತ್ತು. ಆಗ ಕೊಳ್ಳುವವರಿಗೆ ಆಯ್ಕೆ ಕಡಿಮೆ ಇತ್ತು ಅನ್ನೋದೂ ನಿಜ. ಆದರೆ ಎಂಜಿನ್ ತಯಾರಿಸೋಕೆ ಕಲಿತದ್ದು ವ್ಯರ್ಥವಾಗಲಿಲ್ಲ.

2005ರಲ್ಲಿ ಕಂಪನಿ ಫೋರ್ಸ್ ಮೋಟರ್ಸ್ ಅಂತ ಹೆಸರು ಬದಲಿಸಿಕೊಂಡಿತು. ಆದರೂ ಧರ್ಮಸ್ಥಳಕ್ಕೆ ಹೋಗೋಕೆ ನಾವು ಇವತ್ತಿಗೂ ಬುಕ್ ಮಾಡೋದು 'ಟಿಟಿ', ಅಂದ್ರೆ ಟೆಂಪೋ ಟ್ರಾವೆಲರ್. ಹೆಸರು ಜನರ ಬಾಯಲ್ಲಿ ಉಳಿಯುತ್ತೆ. ಗಾಡಿ ಉಳಿಯಬೇಕಾದ್ರೆ ಮಾತ್ರ ಎಂಜಿನ್ ಯಾರ ಕೈಯಲ್ಲಿದೆ ಅಂತ ಮೊದಲೇ ಕೇಳಬೇಕು. ನಾನು ಈಗ ಪ್ರತಿ ಮೀಟಿಂಗ್‌ನಲ್ಲೂ ಕೇಳ್ತೀನಿ.